ಒಂಬತ್ತನೇ ಬಾಟಲಿಯ ನೀರು

ನನ್ನ ಅಪ್ಪ ಬಾವಿ ತೋಡುವವರು. ಸಿದ್ಧಕಟ್ಟೆಯಿಂದ ಮಾಣಿಯವರೆಗೆ ಅವರ ಬಾವಿಯ ನೀರು ಕುಡಿಯುವ ಮನೆಗಳು ಎಷ್ಟೋ ಇವೆ. ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ನೀರು ಒಸರಿದ ದಿನ ಅವರದೊಂದು ಹಟ: ಮೊದಲು ತಾನು ರುಚಿ ನೋಡಬೇಕು. ಕಿರುಬೆರಳು ಅದ್ದಿ ನಾಲಿಗೆಗೆ ತಾಗಿಸಿ, ಕಣ್ಣು ಮುಚ್ಚಿ, ಆಮೇಲೆ ಮೇಲೆ ನೋಡಿ "ಕುಡೀಬಹುದು" ಎನ್ನುವವರೆಗೆ ಮನೆಯವರು ಒಂದು ತಂಬಿಗೆಯೂ ಎತ್ತುವ ಹಾಗಿಲ್ಲ. ಚಿಕ್ಕವಳಿದ್ದಾಗ ರಜೆಯಲ್ಲಿ ಜೊತೆಗೆ ಹೋಗುತ್ತಿದ್ದೆ. ಬಾವಿಯ ದಡದಲ್ಲಿ ಕೂತರೆ ಅಪ್ಪನಿಗಿಂತ ಮೊದಲು ಅಪ್ಪನ ಕೆಮ್ಮು ಮೇಲೆ ಬರುತ್ತಿತ್ತು. ಆಮೇಲೆ ಹಗ್ಗ ಬಿಗಿಯುತ್ತಿತ್ತು.

ನಮ್ಮ ಕುಟುಂಬದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಹೇಳಿಕೊಳ್ಳಲು ನನಗೇನೂ ಸಂಕೋಚ ಇಲ್ಲ. ಮೂಡುಬಿದಿರೆಯ ಬಸ್ಸಿನಲ್ಲಿ ನಿಂತುಕೊಂಡೇ ಅರ್ಧ ರಸಾಯನಶಾಸ್ತ್ರ ಓದಿದ್ದೇನೆ. ಮುಂದೆ ಸಂಶೋಧನೆಗೆ ಸೇರಿ, ದಕ್ಷಿಣ ಧ್ರುವದ ಕಡಲಿಗೆ ಹೋಗುವ ಹಡಗಿನಲ್ಲಿ ಜಾಗ ಸಿಕ್ಕಿದಾಗ ಅಪ್ಪ ಕೇಳಿದರು:

"ಅಷ್ಟು ದೂರದ ನೀರಲ್ಲಿ ನೋಡ್ಲಿಕ್ಕೆ ಎಂತ ಉಂಟು ಮಗಾ?"

"ಅಡಿಯ ನೀರಲ್ಲಿ ಗೊಬ್ಬರ ಉಂಟು ಅಪ್ಪ. ಅದು ಮೇಲೆ ಬಂದ್ರೆ ಪಾಚಿ ಬೆಳೀತದೆ, ಪಾಚಿಯಿಂದ ಸಿಗಡಿ, ಸಿಗಡಿಯಿಂದ ದೊಡ್ಡ ಮೀನು. ಮಿಕ್ಕಿದ್ದು ಬೇರೆ ಕಡಲುಗಳಿಗೂ ಹೋಗ್ತದೆ. ಆ ಪಾಚಿ ಗಾಳಿಯ ಇಂಗಾಲವನ್ನೂ ಅಡಿಗೆ ಎಳ್ಕೊಂಡು ಹೋಗ್ತದೆ. ಈಗ ಹಿಮ ಕರಗಿ ಸಿಹಿನೀರು ಮೇಲೆ ಮುಚ್ಚಳದ ಹಾಗೆ ಕೂತ್ಕೊಳ್ತಾ ಉಂಟು. ಅಡಿಯದ್ದು ಮೇಲೆ ಬರ್ತದಾ ಇಲ್ವಾ, ಅದನ್ನು ನೋಡುವುದು."

"ಹಾಗಾದ್ರೆ ಅದೂ ಬಾವಿಯೇ. ಜೋರು ಮಳೆಗೆ ಹೊಸ ನೀರು ಮೇಲೆ ನಿಲ್ತದೆ, ಒರತೆಯದ್ದು ಕೆಳಗೆ. ನೆಕ್ಕಿದ್ರೆ ಗೊತ್ತಾಗ್ತದೆ."

"ಅಲ್ಲಿ ನೆಕ್ಕಲಿಕ್ಕಿಲ್ಲ. ಬೆರಳು ತಾಗಿದ್ರೆ ಅಳತೆ ಹಾಳು."

"ಎಂಥ ಶಾಸ್ತ್ರ ಮಾರಾಯ್ತಿ ನಿಂದು! ಬಾಯಿಗೆ ಹಾಕದೆ ನೀರು ಗೊತ್ತಾಗ್ತದಾ?"

ನಾನು ನಕ್ಕೆ. ಅದೇ ಕೊನೆಯ ಮಾತುಕತೆ.

ಹಡಗಿನಲ್ಲಿ ದೊಡ್ಡ ಬಾಟಲಿಗಳನ್ನು ತಂತಿಹಗ್ಗದಲ್ಲಿ ಇಳಿಸುತ್ತೇವೆ. ಒಂದೊಂದು ಬಾಟಲಿ ಒಂದೊಂದು ಆಳದಲ್ಲಿ ಮುಚ್ಚಿಕೊಂಡು ಮೇಲೆ ಬರುತ್ತದೆ. ಕೈಗವಸು ಹಾಕಿ ಅವುಗಳಿಂದ ಚಿಕ್ಕ ಬಾಟಲಿಗಳಿಗೆ ನೀರು ಹಿಡಿಯುವುದು ನನ್ನ ಕೆಲಸ. ಅಪ್ಪ ಎದೆನೋವಿನಿಂದ ಹೋದರೆಂದು ಮಾವನ ಸಂದೇಶ ಬಂದ ಬೆಳಿಗ್ಗೆಯೂ ಸರದಿ ನನ್ನದೇ ಇತ್ತು. ಹಡಗು ತಿರುಗುವಂತಿಲ್ಲ. ಬೇರೆ ಯಾರಾದರೂ ಮಾಡಲಿ ಎಂದು ಜೊತೆಯವರು ಹೇಳಿದರು. ನಾನೇ ಮಾಡುತ್ತೇನೆ ಎಂದೆ. ತಂತಿ ಬಿಗಿದು ಮೇಲೆ ಬರತೊಡಗಿದಾಗ ನನ್ನ ಕಿವಿ ಕೆಮ್ಮಿಗೆ ಕಾಯುತ್ತಿತ್ತು. ಒಂಬತ್ತನೇ ಬಾಟಲಿ ತುಂಬಿಸಿದವಳು ಕೈಗವಸು ತೆಗೆದೆ. ಕಿರುಬೆರಳು ಅದ್ದಿದೆ. ನಾಲಿಗೆಗೆ ತಾಗಿಸಿದೆ. ಉಪ್ಪು, ಮತ್ತು ಹಲ್ಲು ಜುಮ್ಮೆನ್ನುವ ಚಳಿ. ಮುಚ್ಚಳ ಹಾಕಿ ನಂಬರು ಬರೆದು ಉಳಿದವುಗಳ ಜೊತೆ ಇಟ್ಟುಬಿಟ್ಟೆ.

ಕೊಳೆತದಲ್ಲೂ ಕೈಬೆವರಿನಲ್ಲೂ ಇರುವ ಅಮೋನಿಯಂ, ಕಡಲಿನ ಅಷ್ಟು ಆಳದಲ್ಲಿ ಇಲ್ಲವೆನ್ನುವಷ್ಟು ಕಡಿಮೆ ಇರಬೇಕು. ಒಂಬತ್ತರಲ್ಲಿ ಮಾತ್ರ ನಕ್ಷೆಯ ಗೆರೆ ಕೋಲಿನ ಹಾಗೆ ಎದ್ದು ನಿಂತಿತು. ನನಗೆ ಮಾರ್ಗದರ್ಶಕರಾಗಿದ್ದವರು ಮೈಸೂರು ಕಡೆಯ ಮೇಡಂ. ಹಡಗಿನಿಂದ ಕಳಿಸಿದ ಅಂಕಿ ನೋಡಿ ಫೋನಿನಲ್ಲಿ ಕೇಳಿದರು: "ನೋಡಮ್ಮ, ಒಂದೋ ಅಲ್ಲಿ ಏನೋ ಕೊಳೀತಿದೆ, ಇಲ್ಲ ನಿನ್ನ ಕೈ ತಾಗಿದೆ. ಯಾವುದು?"

ಮುಂದಿನ ಯಾನಕ್ಕೆ ಹೆಸರು ಹಾಕುವವರು ಅವರೇ. "ಕೈ ತಾಗಿಲ್ಲ ಮೇಡಂ" ಎಂದೆ.

ಆಮೇಲೆ ಆ ಗೆರೆ ನನ್ನನ್ನು ಬಿಡಲಿಲ್ಲ. ಕೈಗವಸು ಹಾಕುವಾಗ ಕಿರುಬೆರಳು ಮಾತ್ರ ತಣ್ಣಗಿರುತ್ತಿತ್ತು. ಊರಲ್ಲಿ ಅಪ್ಪನ ಉತ್ತರಕ್ರಿಯೆ ನಾನಿಲ್ಲದೆಯೇ ಮುಗಿಯಿತು. ಮೇಡಂ ಒಂಬತ್ತರ ಬಗ್ಗೆ ಟಿಪ್ಪಣಿ ಬರೆಯಲು ಶುರುಮಾಡಿದರು. ಇಲ್ಲದ ಒಂದು ಕೊಳೆತಕ್ಕೆ ಅವರು ಕಾರಣ ಹುಡುಕುತ್ತಿದ್ದರು. ಅಲ್ಲಿದ್ದದ್ದು ನನ್ನ ಬೆರಳು, ಬೆರಳ ಹಿಂದೆ ಅಪ್ಪ.

ಊರಿಗೆ ಬಂದ ಮೂರನೇ ದಿನ ವಾಮದಪದವಿನಿಂದ ಕರೆ ಬಂತು. ಅಪ್ಪ ಕೊನೆಗೆ ತೋಡಿದ ಬಾವಿ ಅಲ್ಲಿನ ಒಂದು ಬ್ಯಾರಿ ಮುಸ್ಲಿಮರ ಮನೆಯದು. ಹೋದೆ. ಬಾವಿಗೆ ಹಲಗೆ ಮುಚ್ಚಿ ಮೇಲೆ ಕಲ್ಲು ಹೇರಿದ್ದರು. ಮನೆಯ ಹಿರಿಯಾಕೆ ತಲೆಗೆ ಸೆರಗು ಎಳೆದುಕೊಂಡು ಬಂದರು.

"ನೀರು ಬಂದ ಸಂಜೆ ನಿನ್ನ ಅಪ್ಪ, ಕೆಸರು ಉಂಟು, ನಾಳೆ ರುಚಿ ನೋಡ್ತೇನೆ ಅಂತ ಹೋದದ್ದು ಮಗಳೇ. ಮರುದಿನ ಅವರು ಬರ್ಲಿಲ್ಲ."

"ಇಷ್ಟು ದಿನ ನೀರಿಗೆ ಎಂತ ಮಾಡಿದ್ರಿ?"

"ಪಂಚಾಯತಿನ ನಲ್ಲಿ ಉಂಟಲ್ಲ. ಸೊಸೆ ದಿನಾ ಬೈತಾಳೆ, ಮುದುಕಿಗೆ ಮರುಳು ಅಂತ. ಬೈಲಿ. ಅವರ ಕೈ ಮುಟ್ಟದ ನೀರನ್ನು ನಾವು ಹೇಗೆ ಕುಡಿಯುವುದು? ನೀನು ನೋಡಿ ಹೇಳು."

ಹಲಗೆ ಸರಿಸಿದರು. ಕೊಡಪಾನ ಕೆಳಗೆ ಹೋಯಿತು, ಹಗ್ಗ ಬಿಗಿಯಿತು. ಕೆಮ್ಮು ಬರಲಿಲ್ಲ. ಬೆರಳು ಅದ್ದಿ ನೆಕ್ಕಿದೆ. ಕಲ್ಲಿನ ತಂಪು, ನಾಲಿಗೆಯ ತುದಿಗೆ ಚೂರು ಕಬ್ಬಿಣ. ಕಣ್ಣು ಮುಚ್ಚಿಕೊಂಡೇ ಇದ್ದೆ.

"ಎಂತ ಆಯ್ತು? ಕುಡೀಬಹುದಾ?"

"ಕುಡೀಬಹುದು."

ಅವರು ಕೂಡಲೇ ಒಂದು ಲೋಟ ತುಂಬಿಸಿ ಗಟಗಟ ಕುಡಿದರು. ನನ್ನ ಒಂದು ಮಾತಿನ ಮೇಲೆ. ಅದನ್ನು ನೋಡುತ್ತ ನಿಲ್ಲಲಾಗದೆ ಅಂಗಳದ ತುದಿಗೆ ಹೋಗಿ ಮೇಡಂಗೆ ಫೋನು ಮಾಡಿದೆ.

"ಮೇಡಂ, ಒಂಬತ್ತರಲ್ಲಿ ಇರುವುದು ನನ್ನ ಕೈ. ನಾನು ರುಚಿ ನೋಡಿದ್ದೆ."

ಆ ಕಡೆ ಹಾಳೆ ಮಗುಚುವ ಸದ್ದು ಕೇಳಿಸಿತು. ಆಮೇಲೆ, "ಉಳಿದ ಬಾಟಲಿಗಳು?"

"ಮುಟ್ಟಿಲ್ಲ."

"ಅದನ್ನು ಈಗ ನಾನು ಹೇಗಮ್ಮ ನಂಬಲಿ?"

ಆ ದಿನದ ಅಮೋನಿಯಂ ಅಂಕಿಗಳನ್ನೆಲ್ಲ ತೆಗೆದುಹಾಕಿದರು. ಮುಂದಿನ ಯಾನದ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ನ್ಯಾಯವೇ.

ಈಗ ಬೆಳ್ತಂಗಡಿಯಲ್ಲಿ ಪಾಠ ಮಾಡುತ್ತೇನೆ. ಆ ಯಾನದ ಅಮೋನಿಯಂ ನಕ್ಷೆಯನ್ನು ಪ್ರತಿ ವರ್ಷ ತೋರಿಸುತ್ತೇನೆ: ಗೆರೆ ಬರುತ್ತದೆ, ಆ ಒಂದು ದಿನದಲ್ಲಿ ತುಂಡಾಗುತ್ತದೆ, ಮತ್ತೆ ಮುಂದುವರಿಯುತ್ತದೆ. ಈ ಸಲ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: "ಮೇಡಂ, ಅಲ್ಲಿ ನೀರು ಇಲ್ವಾ?"

"ಉಂಟು. ಅಳತೆ ಇಲ್ಲ" ಎಂದೆ. ಹೇಳುವಾಗ ಕಿರುಬೆರಳನ್ನು ಮುಷ್ಟಿಯೊಳಗೆ ಹಿಡಿದುಕೊಂಡಿದ್ದೆ.