ಕಥೆ ಮುಗಿಯದೆ ಕತ್ತರಿ ಇಳಿಯದು

ಒಬ್ಬ ಕ್ಷೌರಿಕನಿದ್ದ. ಊರೆಲ್ಲ ಅವನನ್ನು ಕಥೆಯಣ್ಣ ಅನ್ನುತ್ತಿತ್ತು. ತಲೆಯೊಂದು ಕೈಗೆ ಸಿಕ್ಕಿತೋ ಕಥೆ ಶುರು. ಕಥೆ ಮುಗಿಯದೆ ಕತ್ತರಿ ಇಳಿಸಿದವನೇ ಅಲ್ಲ. ಗೊತ್ತಿದ್ದವರು "ಅಣ್ಣ, ಇವತ್ತು ಚಿಕ್ಕ ಕಥೆ ಸಾಕು" ಎಂದು ಮೊದಲೇ ಹೇಳಿ ಕೂರುತ್ತಿದ್ದರು. ದೊಡ್ಡ ಕಥೆಗೆ ಸಿಕ್ಕಿಬಿದ್ದವರು ಬೋಳುತಲೆ ಹೊತ್ತು ಮನೆಗೆ ಹೋದರೆ ಸಾಕಿದ ನಾಯಿಯೂ ಗುರುತು ಸಿಗದೆ ಬೊಗಳುತ್ತಿತ್ತು.

ಇಂಥವನ ಬಲಭುಜ ಬರಬರುತ್ತ ಬಿಗಿದುಕೊಂಡಿತು. ಕೈ ಎದೆಮಟ್ಟಕ್ಕೆ ಬಂದು, ಹಟ ಹಿಡಿದ ಕತ್ತೆಯಂತೆ ಅಲ್ಲೇ ನಿಂತುಬಿಡುತ್ತಿತ್ತು. ಅಂಗಡಿಯ ಬೀಗದ ಕೈ ಬಾಮೈದನ ಪಾಲಾಯಿತು. ಬಾಮೈದನೋ ಕೆಲಸದ ಮಧ್ಯೆ ತುಟಿ ಬಿಚ್ಚದ ಆಸಾಮಿ.

"ನನ್ ತಲೆಗೇ ಕತ್ತರಿ ಹಾಕಿ ತೋರ್ಸಿ ಭಾವ, ಅವತ್ತೇ ಕೀ ವಾಪಸ್ ಕೊಡ್ತೀನಿ. ಆಗ್ಲಿಲ್ವಾ, ಅಂಗಡಿ ನಾನೇ ನೋಡ್ಕೋತೀನಿ" ಅಂದ.

ಹೆಂಡತಿ ಕಥೆಯಣ್ಣನನ್ನು ವ್ಯಾಯಾಮ ಚಿಕಿತ್ಸೆಯ ಕೋಣೆಗೆ ಎಳೆದುಕೊಂಡು ಹೋದಳು. ಅಲ್ಲಿ ಎಷ್ಟು ತುಳಿದರೂ ಎಲ್ಲಿಗೂ ಹೋಗದ ಸೈಕಲ್ಲು. ಅದರ ಹಿಂದೆ, ಬಾಗಿಲ ಮೇಲೊಂದು ರಾಟೆ, ರಾಟೆಗೊಂದು ಹಗ್ಗ, ಹಗ್ಗದ ಎರಡು ತುದಿಗೂ ಹಿಡಿ. ಒಳ್ಳೆಯ ಕೈ ಕೆಳಗೆಳೆದರೆ ಕೆಟ್ಟ ಕೈ ಮೇಲೇಳಬೇಕು.

"ಬಾವಿ ರಾಟೆ ಇದ್ದಂಗಿದೆ ಮೇಡಂ. ನೀರೆಲ್ಲಿ?"

"ನೀರು ನಿಮ್ ಕಣ್ಣಲ್ಲಿ ಬರುತ್ತೆ. ಎಳೀರಿ" ಅಂದರು ಚಿಕಿತ್ಸೆ ಕೊಡುವ ಮೇಡಂ.

ಬಂತು. ದಿನವೂ ಬಂತು. ಮಾತಾಡದೆ ಎಳೆಯಬೇಕೆಂದು ಮೇಡಂ ಅಪ್ಪಣೆ. ಬಾಯಿ ಮುಚ್ಚಿದಷ್ಟೂ ಕೈ ಒನಕೆಯಷ್ಟು ಭಾರವಾಯಿತು.

ಒಂದು ದಿನ ಮಂಡಿನೋವಿನ ಮೇಷ್ಟ್ರು ಮುಂದಿನ ಸೈಕಲ್ಲು ಏರಿದರು. ಅವರ ಹಿಂದಲೆ ಕಥೆಯಣ್ಣನ ಕಣ್ಣಿಗೆ ಬಿತ್ತು. ಒಂದು ಕಡೆ ಮೆಟ್ಟಿಲು, ಇನ್ನೊಂದು ಕಡೆ ಜಾರುಬಂಡೆ: ಬಾಮೈದನ ಕೈಚಳಕ.

"ಮೇಷ್ಟ್ರೇ, ತಲೆ ಅಲ್ಲಾಡಿಸ್ಬೇಡಿ."

"ನಾನೆಲ್ಲಯ್ಯಾ ಅಲ್ಲಾಡಿಸ್ತಿದೀನಿ, ಸೈಕಲ್ ಅಲ್ಲಾಡಿಸ್ತಿದೆ."

ಎದುರಿಗೆ ತಲೆ ಸಿಕ್ಕ ಮೇಲೆ ಇನ್ನೇನು? ಹಲ್ಲಿಲ್ಲದ ಹುಲಿ ದಂತವೈದ್ಯನನ್ನು ಹುಡುಕಿ ಹೊರಟ ಕಥೆ ತಾನಾಗಿ ಹೊರಟಿತು. ಹುಲಿ ಬಾಗಿಲು ತಟ್ಟುವಾಗ ಕಥೆಯಣ್ಣನ ಕೈ ಗಲ್ಲದ ಮಟ್ಟ. ವೈದ್ಯ "ಬಾಯಿ ಬಿಡಿ" ಅನ್ನುವಾಗ ಕಿವಿಯ ಮಟ್ಟ. ನೋವೇನೋ ಇತ್ತು, ಆದರೆ ಕಥೆಯ ನಡುವೆ ಕೈ ಇಳಿಸುವುದುಂಟೇ?

"ಆಮೇಲೆ?" ಮೇಷ್ಟ್ರು ತುಳಿಯುವುದನ್ನೇ ಮರೆತರು.

"ತುಳೀರಿ, ಹೇಳ್ತೀನಿ."

ಕೈ ಏರಿದ್ದು ಕಂಡು ಮೇಡಂ ಓಡಿಬಂದರು. "ಅಯ್ಯೋ, ಕಥೆ ಮುಗಿಸ್ಬೇಡಿ."

"ಮುಗಿಸ್ದೆ ಕೈ ಇಳಿಸೋದು ಹೇಗೆ ಮೇಡಂ?"

ಅವತ್ತಿನಿಂದ ಮಾತಾಡುವುದೇ ಮದ್ದಾಯಿತು. ದಿನಕ್ಕೊಂದು ತಲೆ ಸೈಕಲ್ಲು ಏರಿತು, ದಿನಕ್ಕೊಂದು ಕಥೆ ಉದ್ದವಾಯಿತು, ಕೈ ಎತ್ತರವಾಯಿತು. ಮಂಡಿ ವಾಸಿಯಾದವರೂ ಕಥೆಗೋಸ್ಕರ ಕುಂಟಿಕೊಂಡು ಬಂದರು.

ಕೊನೆಗೆ ಒಂದು ಬೆಳಿಗ್ಗೆ ಕಥೆಯಣ್ಣ ಅಂಗಡಿಗೆ ಹೋಗಿ, ಬಾಮೈದನನ್ನು ಕುರ್ಚಿಯಲ್ಲಿ ಕೂರಿಸಿ, ಬಟ್ಟೆ ಹೊದಿಸಿದ.

"ಭಾವ, ಚಿಕ್ಕ ಕಥೆ ಸಾಕು."

"ಇದು ನಂದೇ ಕಥೆ ಕಣೋ. ಚಿಕ್ಕದು ಮಾಡೋದು ಹೇಗೆ?"

ಭುಜ ಬಂತು, ರಾಟೆ ಬಂತು, ಮೇಡಂ ಬಂದರು, ಮೇಷ್ಟ್ರು ಬಂದರು. ಹುಲಿಯೂ ಬಂತು, ಅದು ಬಂದ ಮೇಲೆ ಅದರ ಕಥೆಯನ್ನೂ ಮುಗಿಸಬೇಕಲ್ಲ. ಹುಲಿಗೆ ಹಲ್ಲು ಕಟ್ಟಿಸುವ ಹೊತ್ತಿಗೆ ಬಾಮೈದನ ತಲೆ ಕೊಯ್ಲಾದ ಗದ್ದೆ.

ಬಾಮೈದ ತಲೆ ಸವರಿಕೊಂಡ. ಹೊದಿಕೆಯ ಅಡಿಯಿಂದಲೇ ಬೀಗದ ಕೈ ಚಾಚಿದ.

"ತಗೊಳ್ಳಿ ಭಾವ. ಹುಬ್ಬಾದ್ರೂ ಉಳೀಲಿ."