ಹೊಗೆ ಡ್ರಮ್ಮಿನ ಮುಚ್ಚಳ

ಚನ್ನಪಟ್ಟಣದ ಗೆಳೆಯನ ಹಿತ್ತಲಿನಲ್ಲಿ ನಾವಿಬ್ಬರೂ ಮಡಕೆಗಳಿಗೆ ಹೊಗೆ ಕೊಡುತ್ತಿದ್ದೆವು. ನಯವಾಗಿ ಉಜ್ಜಿ ಒಮ್ಮೆ ಸುಟ್ಟ ಮಡಕೆಗಳನ್ನು ತಗಡಿನ ಡ್ರಮ್ಮಿನಲ್ಲಿರಿಸಿ, ಸುತ್ತಲೂ ಮರದ ಪುಡಿ ತುಂಬಿ, ಬೆಂಕಿ ಹಚ್ಚಿ ಮುಚ್ಚಬೇಕು. ಒಳಗೆ ಸಿಕ್ಕಿಬಿದ್ದ ಹೊಗೆಯೇ ಮಣ್ಣಿನ ಮೈಮೇಲೆ ಕಪ್ಪು ಮೋಡಗಳನ್ನು ಮೂಡಿಸುತ್ತದೆ. ಪುಡಿ ಅವನ ತಂದೆ ಬೊಂಬೆ ಕಡೆಯುವ ಲೇತಿನ ಕೆಳಗೆ ಸಿಗುತ್ತಿತ್ತು. ಮುಚ್ಚಳ ಮಾತ್ರ ನನ್ನದು, ನನ್ನೂರು ಸೋಲೂರಿನಿಂದ ಬಸ್ಸಿನಲ್ಲಿ ತಂದದ್ದು. ಪೂರ್ತಿ ತಣಿದ ಮೇಲೆ ಇಬ್ಬರೂ ಸೇರಿಯೇ ತೆರೆಯಬೇಕೆಂಬುದು ನಮ್ಮ ನಿಯಮ. ಬಿಸಿಯಿರುವಾಗ ಗಾಳಿ ಹೊಕ್ಕರೆ ಕೆಂಡ ಮತ್ತೆ ಉರಿದು, ಹಿಡಿದ ಕಪ್ಪೆಲ್ಲ ಸುಟ್ಟುಹೋಗುತ್ತದೆ.

ಕಳೆದ ಬೇಸಿಗೆಯಲ್ಲಿ ಬೆಂಗಳೂರಿನ ಪ್ರದರ್ಶನವೊಂದರ ಆಯ್ಕೆಗಾರರು ನಮ್ಮಿಬ್ಬರ ಕೆಲಸವನ್ನೂ ನೋಡಲು ಬರುವುದೆಂದು ನಿಶ್ಚಯವಾಗಿತ್ತು. ನಮ್ಮ ವಂಶದಲ್ಲಿ ಪದವಿ ಪಡೆದ ಮೊದಲಿಗ ನಾನು. “ಮಣ್ಣು ಕಲಸಕ್ಕೆ ಡಿಗ್ರಿ ಯಾಕ್ ಬೇಕಿತ್ಲಾ?” ಎಂದು ಅಪ್ಪ ಕೇಳುತ್ತಲೇ ಇದ್ದರು. ಆಯ್ಕೆಯಾದರೆ ಅವರಿಗೆ ಉತ್ತರ ಕೊಟ್ಟಂತಾಗುವುದೆಂದು ನಂಬಿದ್ದೆ.

ಮುನ್ನಾದಿನ ಬೆಳಿಗ್ಗೆ ಡ್ರಮ್ಮು ತುಂಬಿದೆವು. ಅವನ ಮಡಕೆಗಳು ಮೇಲೆ, ನನ್ನವು ತಳದಲ್ಲಿ. ತಳದಲ್ಲಿ ಕಪ್ಪು ಗಾಢವಾಗುತ್ತದೆ ಎಂದು ಅವನೇ ಹೇಳಿದ್ದ. ಮುಚ್ಚಳ ಮುಚ್ಚಿ ನಾನು ಊರಿಗೆ ಮರಳಿದೆ.

ಮರುದಿನ ಮೊದಲ ಬಸ್ಸಿಗೇ ಹೋದೆ. ಮುಚ್ಚಳ ಗೋಡೆಗೆ ಒರಗಿತ್ತು. ಕಾಫಿ ತಂದ ಅವನ ತಾಯಿ, “ಬೆಂಗ್ಳೂರ್ನೋರು ನಿನ್ನೆ ಸಂಜೆನೇ ಕಾರಲ್ಲಿ ಬಂದಿದ್ರಲ್ಲಪ್ಪ. ಇವ್ನೇ ಫೋನ್ ಮಾಡಿ ಕರುಸ್ಕಂಡ. ನಿಂಗೇಳಿಲ್ವಾ? ಇವನ್ವು ಒಪ್ಕಂಡು ತಗಂಡೋದ್ರು” ಎಂದರು.

ಬೂದಿಯಲ್ಲಿ ಕೈಯಾಡಿಸಿದೆ. ನನ್ನ ಮಡಕೆಗಳು ಒಡೆದಿರಲಿಲ್ಲ. ನರ್ಸರಿಯ ಹೂಕುಂಡಗಳಂತೆ ಪೇಲವ ಕೆಂಪಾಗಿದ್ದವು, ಅಷ್ಟೆ. ಒಂದರ ಮೇಲೂ ಹೊಗೆಯ ಗುರುತಿರಲಿಲ್ಲ.

ಗೆಳೆಯ ಹಲ್ಲುಜ್ಜುತ್ತ ಬಂದ. “ಅವ್ರೇ ಒಂದಿನ ಮುಂಚೆ ಬಂದ್ಬುಟ್ರು ಕಣ್ಲಾ, ನಾನೇನ್ ಮಾಡ್ಲಿ? ನಿನ್ನವು ಇನ್ನೂ ಕೆಂಡದಂಗಿದ್ವು, ಮುಟ್ಟಕ್ಕಾಗ್ಲಿಲ್ಲ.”

“ಫೋನ್ ಮಾಡಿದ್ದು ನೀನೇ ಅಂತೆ. ಮುಚ್ಚಳನಾದ್ರೂ ವಾಪಸ್ ಮುಚ್ಬೋದಿತ್ತಲ್ಲ?”

ಅವನು ಬ್ರಷ್ಷನ್ನು ಬಾಯಿಯ ಮತ್ತೊಂದು ಬದಿಗೆ ಸರಿಸಿದ. “ಫೋಟೋ ತಗೀತಿದ್ರು, ಮರ್ತೋಯ್ತು. ಒಸಿ ಮಣ್ಣಿಗೆ ಮಕ ಯಾಕಿಂಗ್ ಮಾಡ್ಕತೀಯ? ಮುಂದಿನ್ ಸಲ ನಿನ್ನವ್ನೇ ಮೇಲಿಡಾನ ಬುಡು.”

ಮಡಕೆಗಳನ್ನು ಅಲ್ಲಿಯೇ ಬಿಟ್ಟು, ಮುಚ್ಚಳವನ್ನು ಎತ್ತಿಕೊಂಡು ಹೊರಟೆ.

“ಲೇ, ಅದ್ಯಾಕ್ಲಾ ಒತ್ಕಂಡೋಯ್ತೀಯ? ಅದಿಲ್ದಿದ್ರೆ ಹೊಗೆ ನಿಲ್ಲಲ್ಲ ಕಣ್ಲಾ!”

ತಿರುಗಿ ನೋಡಲಿಲ್ಲ. ಬಸ್ಸು ಬದಲಿಸುವ ಮಾಗಡಿಯವರೆಗೂ ಅದನ್ನು ಎದೆಗೆ ಆನಿಸಿಕೊಂಡೇ ಕುಳಿತಿದ್ದೆ. ಬಸ್ಸಿಳಿದಾಗ ಬಿಳಿ ಅಂಗಿಯ ತುಂಬ ಮಸಿ. ಆಯ್ಕೆಗಾರರ ಮುಂದೆ ನಿಲ್ಲಲೆಂದು ಇಸ್ತ್ರಿ ಮಾಡಿಸಿದ್ದ ಅಂಗಿ ಅದು.