ಒಂದೆಲಗವನ್ನು ಪರೀಕ್ಷೆಗೆ ಕೂರಿಸಿದ ಮಾವ

ಕಾಂಪೌಂಡರ್ ಮಾವನ ಬಲಗೈ ಹೆಬ್ಬೆರಳು ಸದಾ ಗೋಂದು ಮೆತ್ತಿ ಅಂಟಂಟು. ಔಷಧಿ ಸೀಸೆಗೆ ಹಚ್ಚುವ ಕಾಗದದ ಪಟ್ಟಿಯನ್ನು ಮಡಚಿ, ಒಂದು ಸಲ ಕತ್ತರಿ ಆಡಿಸಿ ಬಿಡಿಸಿದರೆ ಆರು ಡೋಸಿನ ಗುರುತು ಒಂದೇ ಅಳತೆಗೆ ಮೂಡಿರುತ್ತಿತ್ತು. ಗಾಂಧಿನಗರದ ದವಾಖಾನೆಗೆ ಟಾನಿಕ್ ಮಾರಲು ಬಂದವರಿಗೆ ಅವರದು ಒಂದೇ ಮಾತು: "ಗುಣ ಆದವ್ರನ್ನ ಕರ್ಕೊಂಡ್ ಬರ್ರಿ. ಆಗ್ದವ್ರನ್ನೂ ಕರ್ಕೊಂಡ್ ಬರ್ರಿ."

ಒಂದು ದಿನ ಕೂಸಿನ ಜ್ವರದ ಔಷಧಿಗೆ ಪಟ್ಟಿ ಕತ್ತರಿಸುತ್ತಲೇ ಹೋದರು. ಎಷ್ಟು ಡೋಸೆಂಬುದೇ ನೆನಪಿರಲಿಲ್ಲ. ಡಾಕ್ಟರು ಮನೆಗೆ ಕಳಿಸಿಬಿಟ್ಟರು. ಈ ಮರೆವಿಗೆ ಔಷಧಿಯೇ ಇಲ್ಲವಂತೆ!

ಪಾರ್ವತಿನಗರದಲ್ಲಿ ಅವರ ಪಕ್ಕದ ಮನೆ ನಮ್ಮದು. ಲೈಬ್ರರಿಯ ವೈದ್ಯಪುಸ್ತಕಗಳನ್ನೆಲ್ಲ ಓದಿ ಅಲ್ಝೈಮರ್ ಎಂಬ ಹೆಸರು ಹುಡುಕಿದ್ದ ನಾನು ಸುಮ್ಮನಿರುತ್ತೇನೆಯೇ? ನೆನಪಿನ ಶಕ್ತಿಗೆ ಒಳ್ಳೆಯದೆಂದು ಸಿರುಗುಪ್ಪದ ಕಾಲುವೆ ದಂಡೆಯಿಂದ ಒಂದೆಲಗದ ಸೊಪ್ಪು ತರಿಸಿದೆ.

ಮಾವ ನಕ್ಕರು. "ಸುಮ್ನ ತಿನ್ಸಿದ್ರ ಏನ್ ತಿಳೀತೈತಿ, ಡಾಕ್ಟರಮ್ಮ? ತಿನ್ನಾಕ ಮೊದ್ಲು ನಂಗ ಪರೀಕ್ಷಿ ಮಾಡು. ತಿಂದ ಮ್ಯಾಲೂ ಮಾಡು. ಎಲ್ಲಾ ಬರ್ಕೋ."

ದಿನಾ ಬೆಳಿಗ್ಗೆ ಅವೇ ಹತ್ತು ಪ್ರಶ್ನೆ: ಇವತ್ತು ಯಾವ ವಾರ, ಮಗಳನ್ನು ಕೊಟ್ಟಿದ್ದು ಯಾವ ಊರಿಗೆ, ಹೀಗೆ. ಸೊಪ್ಪು ತಿನ್ನುವ ಮುಂಚಿನ ಮೊದಲ ವಾರ ಮೂರಕ್ಕೆ ಉತ್ತರ ಸರಿಯಿತ್ತು. ಒಂದೆಲಗದ ಚಟ್ನಿ ತಿಂದು ತಿಂಗಳಾಗುವಷ್ಟರಲ್ಲಿ ಒಂಬತ್ತು! ನೋಟ್‌ಬುಕ್ ಹಿಡಿದು ಡಾಕ್ಟರ ಹತ್ತಿರ ಓಡಿದೆ. ಸೋಮವಾರದಿಂದ ಕೆಲಸಕ್ಕೆ ಬರಲಿ ಎಂದರು.

ಭಾನುವಾರ ಖುಷಿ ತಡೆಯಲಾರದೆ ಹೊತ್ತಿಗೆ ಮುಂಚೆಯೇ ಅವರ ಮನೆಗೆ ಹೋದೆ. ಒಳಗೆ ಅತ್ತೆ ರೊಟ್ಟಿ ಬಡಿಯುತ್ತ ಹೇಳಿಕೊಡುತ್ತಿದ್ದರು: "ಇವತ್ತ ಆಯ್ತಾರ. ಮಗಳ್ನ ಕೊಟ್ಟಿದ್ದು ಕುರುಗೋಡಿಗೆ. ಈಗ ನೀವ್ ಹೇಳ್ರಿ." ಮಾವ ಹಾಗೆಯೇ ಒಪ್ಪಿಸುತ್ತಿದ್ದರು.

ಬಾಗಿಲು ದೂಡಿ ಒಳಗೆ ನುಗ್ಗಿದೆ. "ಅತ್ತಿ! ಏನಿದು?"

"ನಿನ್ ಮುಂದ ಅವ್ರು ತಡವರ್ಸಾದು ನೋಡಾಕ ಆಗ್ಲಿಲ್ಲವ್ವಾ," ಎಂದು ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು.

ಮಾವ ನಮ್ಮಿಬ್ಬರನ್ನೂ ನೋಡಿದರು. ಆ ಗಳಿಗೆ ಅವರ ತಲೆ ತಿಳಿಯಾಗಿತ್ತು. "ಹಂಗಾದ್ರ ಸೊಪ್ಪು ಕೆಲ್ಸ ಮಾಡಿಲ್ಲ. ಬರ್ಕೋ."

ನಾನು ನೋಟ್‌ಬುಕ್ ಮುಚ್ಚಿಬಿಟ್ಟೆ.

"ಬರ್ಕೊಳ್ಳೇ! ನಂಗ ಔಷ್ದಿ ಮುಟ್ಟಾಕ ಬಿಡಬ್ಯಾಡ್ರಿ. ಕೂಸುಗಳು ಕುಡೀತಾವು."

ಅವರ ಮಾತನ್ನು ಹಾಗೆಯೇ ಬರೆದೆ. ಮರುದಿನ ಬೆಳಿಗ್ಗೆ ನೋಡಿದರೆ ಮಾವ ಇಸ್ತ್ರಿ ಅಂಗಿ ತೊಟ್ಟು ದವಾಖಾನೆಗೆ ಹೊರಟು ನಿಂತಿದ್ದರು! ನೋಟ್‌ಬುಕ್ ಮುಂದೆ ಹಿಡಿದೆ. ನಿಧಾನಕ್ಕೆ ಓದಿದರು.

"ಯಾರ್ ಹೇಳಿದ್ದಿದು?"

"ನೀವೇ, ಮಾವಾ."

ಚಪ್ಪಲಿ ಬಿಟ್ಟು ಒಳಗೆ ಹೋದರು. ತೀರಿಕೊಳ್ಳುವುದಕ್ಕೆ ಕೆಲವು ತಿಂಗಳ ಮೊದಲು ಅಕ್ಷರವೂ ಮರೆತುಹೋಯಿತು. ಅಲ್ಲಿಯತನಕ ದಿನಾ ಹೊರಡುತ್ತಿದ್ದರು, ದಿನಾ ಓದುತ್ತಿದ್ದರು, ದಿನಾ ಚಪ್ಪಲಿ ಬಿಡುತ್ತಿದ್ದರು.